ಶ್ವೀಟ್ಸ್ ಊರಿನ ರಾಟ್‌ಹೌಸ್: ಇತಿಹಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯ ಸ್ವಿಟ್ಜರ್‌ಲೆಂಡಿನ ಶ್ವೀಟ್ಸ್ ಊರಿನ ಚೌಕದಲ್ಲಿ ನಿಂತಿರುವ ರಾಟ್‌ಹೌಸ್ ಎಂಬ ಹಳೆಯ ಸಭಾಭವನದ ಹುಟ್ಟು, ಬೆಂಕಿ, ಮರುನಿರ್ಮಾಣ, ಗೋಡೆಚಿತ್ರಗಳು ಮತ್ತು ಅಲ್ಲಿ ನಡೆದ ಆಡಳಿತದ ಕುರಿತು ಆಸಕ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಲೂಟ್ಸರ್ನ್ ಸರೋವರದ ಸುತ್ತಮುತ್ತ ಪ್ರವಾಸ ಮಾಡುವ ಕನ್ನಡಿಗರಲ್ಲಿ ಅನೇಕರು ಈ ಊರಿನ ಸಮೀಪದಲ್ಲೇ ಹಾದುಹೋದರೂ ಇಲ್ಲಿ ಇಳಿಯುವುದು ಕಡಿಮೆ. ಹಿಮಶಿಖರಗಳ ಆಚೆಗೆ ಆ ದೇಶದ ಜನಜೀವನವನ್ನು ಅರಿಯಬೇಕೆನ್ನುವವರು ಮೊದಲು ನೋಡಬೇಕಾದ ಕಟ್ಟಡ ಇದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕಟ್ಟಡ ನಿಖರವಾಗಿ ಎಲ್ಲಿದೆ?

ಶ್ವೀಟ್ಸ್ ಊರು ಸಮುದ್ರಮಟ್ಟದಿಂದ ಸುಮಾರು 516 ಮೀಟರ್ ಎತ್ತರದಲ್ಲಿ, ಮಿಥೆನ್ ಎಂಬ ಜೋಡಿ ಶಿಖರಗಳ ಬುಡದಲ್ಲಿದೆ. ದೊಡ್ಡ ಮಿಥೆನ್‌ನ ಎತ್ತರ 1898 ಮೀಟರ್, ಚಿಕ್ಕದರದು 1811 ಮೀಟರ್. ಊರಿನ ನಡುವಿನ ಚೌಕದಲ್ಲಿ ಸಂತ ಮಾರ್ಟಿನನ ಚರ್ಚು ಮತ್ತು ರಾಟ್‌ಹೌಸ್ ಎರಡೂ ಇವೆ. ಇಲ್ಲಿ ಒಂದು ಗೊಂದಲವನ್ನು ಮೊದಲೇ ನಿವಾರಿಸುವುದು ಒಳ್ಳೆಯದು: ಶ್ವೀಟ್ಸ್ ಎಂಬುದು ಊರಿನ ಹೆಸರು, ಆ ಊರು ಸೇರಿರುವ ಜಿಲ್ಲೆಯ ಹೆಸರು ಮತ್ತು ಕ್ಯಾಂಟನ್ನಿನ ಹೆಸರೂ ಹೌದು. ಕ್ಯಾಂಟನ್ ಎಂದರೆ ನಮ್ಮಲ್ಲಿ ರಾಜ್ಯವಿದ್ದಂತೆ ಎಂದು ತಿಳಿದುಕೊಳ್ಳಬಹುದು.

ರಾಟ್‌ಹೌಸ್ ಎಂಬುದನ್ನು ಕನ್ನಡದಲ್ಲಿ ಪುರಭವನ ಎನ್ನಬಹುದೇ?

ಎನ್ನಬಹುದು, ಆದರೆ ಆ ಮಾತು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಪುರಭವನ ಎಂದೊಡನೆ ನಮಗೆ ನೆನಪಾಗುವುದು ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನದಂತಹ, ನಾಟಕ, ಸನ್ಮಾನ, ಭಾಷಣಗಳಿಗೆ ಬಾಡಿಗೆಗೆ ದೊರೆಯುವ ಸಭಾಂಗಣ. ಜರ್ಮನ್ ಭಾಷೆಯ 'ರಾಟ್' ಎಂಬ ಪದಕ್ಕೆ ಆಲೋಚನೆ, ಸಲಹೆ ಮತ್ತು ಆಲೋಚಿಸಿ ತೀರ್ಮಾನಿಸುವ ಮಂಡಲಿ ಎಂಬ ಅರ್ಥಗಳಿವೆ. 'ಹೌಸ್' ಎಂದರೆ ಮನೆ. ಎಂದರೆ, ಊರಿನ ಮತ್ತು ಕಣಿವೆಯ ಹಿರಿಯರು ಕುಳಿತು ವ್ಯಾಜ್ಯ ತೀರಿಸುವ, ಲೆಕ್ಕ ನೋಡುವ, ಕಾನೂನಿನ ಕರಡು ಬರೆಯುವ ಮನೆ. ಮಂತ್ರಾಲೋಚನೆಯ ಮನೆ ಎಂದರೆ ಅರ್ಥಕ್ಕೆ ಹೆಚ್ಚು ಹತ್ತಿರವಾದೀತು. ಆದರೂ ಈ ಬರಹದಲ್ಲಿ ರಾಟ್‌ಹೌಸ್ ಎಂಬ ಮೂಲ ಹೆಸರನ್ನೇ ಉಳಿಸಿಕೊಂಡಿದ್ದೇನೆ.

ಶ್ವೀಟ್ಸ್ ನಗರವೇ, ಹಳ್ಳಿಯೇ?

ಮಧ್ಯಯುಗದ ಯೂರೋಪಿನಲ್ಲಿ ನಗರವೆಂದರೆ ಕೋಟೆಗೋಡೆ, ಹೆಬ್ಬಾಗಿಲು ಮತ್ತು ದೊರೆಯೊಬ್ಬನು ಬರೆದುಕೊಟ್ಟ ನಗರದ ಹಕ್ಕುಪತ್ರ ಇದ್ದ ಜಾಗ. ಶ್ವೀಟ್ಸಿಗೆ ಇವು ಇರಲಿಲ್ಲ. ಇದು ಸಂತೆ ನೆರೆಯುವ ದೊಡ್ಡ ಹಳ್ಳಿಯಾಗಿ ಬೆಳೆಯಿತು, ಸ್ಥಳೀಯರ ಮಾತಿನಲ್ಲಿ ಇಂದಿಗೂ ಊರಿನ ಹಳೆಯ ಭಾಗ ಹಳ್ಳಿಯೇ. ಹೀಗೆ ನಗರವಲ್ಲದ ಊರೊಂದರಲ್ಲಿ, ದನ ಸಾಕುವವರ ನಡುವೆ, ಇಷ್ಟು ಭವ್ಯವಾದ ಸಭಾಭವನ ಎದ್ದು ನಿಂತದ್ದೇ ಇದರ ಇತಿಹಾಸದ ಮೊದಲ ವಿಶೇಷ.

ಸ್ವಿಟ್ಜರ್‌ಲೆಂಡಿಗೆ ಆ ಹೆಸರು ಬಂದದ್ದು ಈ ಊರಿನಿಂದಲೇ ಎಂಬುದು ನಿಜವೇ?

ನಿಜ. 972ರ ದಾಖಲೆಯೊಂದರಲ್ಲಿ ಈ ಊರಿನ ಹೆಸರು 'ಸುಯಿಟ್ಟೆಸ್' ಎಂಬ ರೂಪದಲ್ಲಿ ಕಾಣಿಸುತ್ತದೆ. 14ನೇ ಶತಮಾನದಿಂದ ಈಚೆಗೆ, ಪರಸ್ಪರ ನೆರವಿಗಾಗಿ ಒಕ್ಕೂಟ ಕಟ್ಟಿಕೊಂಡಿದ್ದ ಕಣಿವೆಗಳ ಜನರೆಲ್ಲರನ್ನೂ ಹೊರಗಿನವರು, ಅದರಲ್ಲೂ ಎದುರಾಳಿಗಳಾಗಿದ್ದ ಆಸ್ಟ್ರಿಯದ ಕಡೆಯವರು, ಒಟ್ಟಾಗಿ 'ಶ್ವೀಟ್ಸಿನವರು' ಎಂದು ಕರೆಯತೊಡಗಿದರು, ಏಕೆಂದರೆ ಕಾದಾಟಗಳಲ್ಲಿ ಮುಂದಾಗಿ ಎದ್ದು ಕಾಣುತ್ತಿದ್ದವರು ಇವರೇ. ಕಾಲಕ್ರಮದಲ್ಲಿ ಆ ಹೆಸರು ಇಡೀ ದೇಶಕ್ಕೆ ನಿಂತಿತು. ದೇಶದ ಧ್ವಜದ ಕೆಂಪು ಬಣ್ಣದ ನಂಟು ಸಹ ಶ್ವೀಟ್ಸಿನ ಕೆಂಪು ಬಾವುಟದೊಂದಿಗೆ ಇದೆ. ಕ್ಯಾಂಟನ್ನಿನ ಬಾವುಟದಲ್ಲಿ ಮೂಲೆಯಲ್ಲಿ ಮಾತ್ರ ಒಂದು ಸಣ್ಣ ಬಿಳಿ ಶಿಲುಬೆ ಇರುತ್ತದೆ.

ಬೆಟ್ಟದ ತಪ್ಪಲಿನ ದನಗಾಹಿಗಳಿಗೆ ಇಂತಹದೊಂದು ಆಡಳಿತ ಮಂಡಲಿ ಬೇಕಾದದ್ದು ಏಕೆ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಹುಲ್ಲಿಗಾಗಿ. ಈ ಕಣಿವೆಗಳಲ್ಲಿ ಉಳುಮೆಯ ನೆಲ ಕಡಿಮೆ, ಬದುಕು ನಿಂತಿರುವುದು ದನಕರುಗಳ ಮೇಲೆ. ಚಳಿಗಾಲವನ್ನು ಕಣಿವೆಯಲ್ಲಿ ಕಳೆದ ದನಗಳನ್ನು ಬೇಸಗೆಯಲ್ಲಿ ಎತ್ತರದ ಹುಲ್ಲುಗಾವಲಿಗೆ ಹೊಡೆಯಲೇಬೇಕು, ಮತ್ತು ಆ ಹುಲ್ಲುಗಾವಲುಗಳು ನಮ್ಮ ಗೋಮಾಳದ ಹಾಗೆ ಎಲ್ಲರಿಗೂ ಸೇರಿದವು. ಯಾರ ದನ ಎಷ್ಟು, ಯಾವ ದಿನ ಏರಬೇಕು, ಯಾವ ಕಾಡಿನಲ್ಲಿ ಮರ ಕಡಿಯಬಾರದು, ಹಿಮ ಜಾರುವ ಇಳಿಜಾರಿನಲ್ಲಿ ಯಾವ ಮರಗಳನ್ನು ಉಳಿಸಬೇಕು ಎಂಬುದನ್ನೆಲ್ಲ ಸೇರಿ ತೀರ್ಮಾನಿಸದಿದ್ದರೆ ಅಲ್ಲಿ ಬಾಳುವುದೇ ಸಾಧ್ಯವಿರಲಿಲ್ಲ.

ಇದೇ ಹುಲ್ಲುಗಾವಲಿನ ವಿಷಯವಾಗಿ ಶ್ವೀಟ್ಸಿನವರಿಗೂ ಉತ್ತರದ ಐನ್‌ಸೀಡೆಲ್ನ್ ಮಠಕ್ಕೂ 12ನೇ ಶತಮಾನದ ಆರಂಭದಿಂದ 14ನೇ ಶತಮಾನದ ನಡುವಿನವರೆಗೆ ಗಡಿವ್ಯಾಜ್ಯ ನಡೆಯಿತು. 1114ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಐದನೆಯ ಹೈನ್‌ರಿಖ್, 1143ರಲ್ಲಿ ದೊರೆ ಮೂರನೆಯ ಕೊನ್‌ರಾಡ್ ಇದರಲ್ಲಿ ತೀರ್ಪು ಕೊಡಬೇಕಾಯಿತು. ಗಮನಿಸಬೇಕಾದ ಅಂಶವೆಂದರೆ, ಶ್ವೀಟ್ಸಿನ ಜನ ಒಂದು ಗುಂಪಾಗಿ, ತಮ್ಮ ಹಕ್ಕನ್ನು ತಾವೇ ಮಂಡಿಸುವ ಸಮುದಾಯವಾಗಿ ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು ಈ ವ್ಯಾಜ್ಯದಿಂದಲೇ. 1240ರ ಡಿಸೆಂಬರಿನಲ್ಲಿ, ಇಟಲಿಯ ಫಾಯೆಂಜಾ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ಚಕ್ರವರ್ತಿ ಎರಡನೆಯ ಫ್ರೆಡರಿಕ್, ಈ ಕಣಿವೆಯವರು ನೇರವಾಗಿ ಸಾಮ್ರಾಜ್ಯಕ್ಕೆ ಮಾತ್ರ ಅಧೀನರು ಎಂಬ ಸನ್ನದು ಬರೆದುಕೊಟ್ಟನು. ನಡುವೆ ಯಾವ ಪಾಳೆಯಗಾರನೂ ಇರಲಾರ ಎಂಬುದು ಅದರ ಅರ್ಥ. ಅಂತಹ ಸನ್ನದನ್ನು ಕಾಪಾಡಿಕೊಳ್ಳಲು, ವಾದಿಸಲು, ಉತ್ತರ ಬರೆಯಲು ಒಂದು ಖಾಯಂ ಮಂಡಲಿ ಬೇಕಾಗುತ್ತದೆ. ಮಂಡಲಿಗೆ ಕ್ರಮೇಣ ಒಂದು ಮನೆಯೂ ಬೇಕಾಗುತ್ತದೆ.

ಹಳೆಯ ಕಾಲದಲ್ಲಿ ಇಲ್ಲಿ ಯಾರು ಕುಳಿತು ಆಡಳಿತ ನಡೆಸುತ್ತಿದ್ದರು?

ಮುಖ್ಯಸ್ಥನಿಗೆ ಲಾಂಡಮ್ಮನ್ ಎಂದು ಹೆಸರು. ಅವನೊಡನೆ ಖಜಾಂಚಿ ಮೊದಲಾದ ಅಧಿಕಾರಿಗಳೂ, ಅರವತ್ತು ಮಂದಿ ಸದಸ್ಯರ ಮಂಡಲಿಯೂ ಇರುತ್ತಿದ್ದವು. ಹಳೆಯ ಶ್ವೀಟ್ಸ್ ನಾಡು ಆರ್ಟ್, ಸ್ಟೈನೆನ್, ಮುವೊಟಾಟಾಲ್ ಮುಂತಾದ ಆರು ಭಾಗಗಳಾಗಿ ಹಂಚಿಹೋಗಿತ್ತು ಮತ್ತು ಪ್ರತಿಯೊಂದು ಭಾಗವೂ ಹತ್ತು ಜನರನ್ನು ಆರಿಸಿ ಕಳುಹಿಸುತ್ತಿತ್ತು. ಈ ಭಾಗಗಳಿಗೆ 'ಫೀರ್ಟೆಲ್', ಎಂದರೆ ಕಾಲುಭಾಗ, ಎಂದು ಹೆಸರು. ಮೊದಲು ನಾಲ್ಕಿದ್ದವು ಆಮೇಲೆ ಆರಾದವು, ಆದರೆ ಹೆಸರು ಹಾಗೆಯೇ ಉಳಿಯಿತು.

ವಿಷಯ ಗಂಭೀರವಾದಾಗ ನಡೆಯುತ್ತಿದ್ದ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು. ಅರವತ್ತು ಜನರ ತೀರ್ಮಾನ ಸಾಲದೆಂದು ಕಂಡರೆ ಪ್ರತಿಯೊಬ್ಬ ಸದಸ್ಯನೂ ತನ್ನ ಭಾಗದಿಂದ ಇನ್ನೊಬ್ಬನನ್ನು ಕರೆದು ತರಬೇಕಿತ್ತು, ಆಗ ಅದು ಇಮ್ಮಡಿ ಮಂಡಲಿಯಾಗುತ್ತಿತ್ತು. ಇನ್ನೂ ಹೆಚ್ಚಿನ ವಿಷಯವಾದರೆ ಇಬ್ಬರನ್ನು ತರಬೇಕಿತ್ತು, ಆಗ 180 ಜನರ ಮುಮ್ಮಡಿ ಮಂಡಲಿ ಸೇರುತ್ತಿತ್ತು. ಹೊಣೆಯನ್ನು ಕೆಲವರ ಹೆಗಲ ಮೇಲಷ್ಟೇ ಬಿಡದೆ, ವಿಷಯದ ತೂಕಕ್ಕೆ ತಕ್ಕಂತೆ ಹಂಚುವ ಈ ಪದ್ಧತಿಗೆ ದೊಡ್ಡ ಗ್ರಂಥಗಳ ಆಧಾರವೇನೂ ಬೇಕಿರಲಿಲ್ಲ, ಅದು ಅನುಭವದಿಂದ ಬಂದದ್ದು.

ಹಾಗಾದರೆ ಅಂತಿಮ ಅಧಿಕಾರ ಈ ಕಟ್ಟಡದೊಳಗೇ ಇತ್ತೇ?

ಇಲ್ಲ, ಮತ್ತು ಈ ಕಟ್ಟಡದ ಇತಿಹಾಸವನ್ನು ಸರಿಯಾಗಿ ತಿಳಿಯಬೇಕಾದರೆ ಮರೆಯಬಾರದ ಸಂಗತಿಯೇ ಇದು. ಪರಮಾಧಿಕಾರವಿದ್ದದ್ದು ಲಾಂಡ್ಸ್‌ಗೆಮೈಂಡೆ ಎಂಬ ಬಯಲು ಸಭೆಗೆ. ಊರಿನ ಕೆಳಗೆ ಇರುವ ಈಬಾಖ್ ಎಂಬಲ್ಲಿ, ವಸಂತ ಋತುವಿನಲ್ಲಿ, ನಾಡಿನ ಹಕ್ಕುಳ್ಳ ಗಂಡಸರೆಲ್ಲರೂ ವೃತ್ತಾಕಾರವಾಗಿ ನೆರೆಯುತ್ತಿದ್ದರು. ಲಾಂಡಮ್ಮನ್ನನ ಆಯ್ಕೆ, ಯುದ್ಧ, ಮೈತ್ರಿ, ಹೊಸ ಕಾನೂನು ಎಲ್ಲವೂ ಅಲ್ಲಿ ಎತ್ತಿದ ಕೈಗಳಿಂದ ತೀರ್ಮಾನವಾಗುತ್ತಿದ್ದವು. ರಾಟ್‌ಹೌಸಿನ ಮಂಡಲಿ ವರ್ಷವಿಡೀ ದುಡಿಯುತ್ತಿತ್ತು, ಬಯಲಿನ ಸಭೆ ಆ ದುಡಿಮೆಗೆ ಒಪ್ಪಿಗೆ ಕೊಡುತ್ತಿತ್ತು ಅಥವಾ ತಳ್ಳಿಹಾಕುತ್ತಿತ್ತು. ಚೌಕದ ಕಟ್ಟಡವನ್ನೂ ಈಬಾಖಿನ ಬಯಲನ್ನೂ ಒಂದೇ ವ್ಯವಸ್ಥೆಯ ಎರಡು ಕೋಣೆಗಳೆಂದು ಭಾವಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಒಂದಕ್ಕೆ ಚಾವಣಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ಈ ಸ್ವಾತಂತ್ರ್ಯ ಎಲ್ಲರಿಗೂ ಇತ್ತೇ?

ಇರಲಿಲ್ಲ. ಹೆಂಗಸರಿಗೆ ಹಕ್ಕಿರಲಿಲ್ಲ, ಹೊರಗಿನಿಂದ ಬಂದು ನೆಲೆಸಿದವರಿಗೂ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ತಾವು ಯಾರಿಗೂ ಅಧೀನರಲ್ಲವೆಂದು ಹೆಮ್ಮೆಪಡುತ್ತಿದ್ದ ಶ್ವೀಟ್ಸಿನವರು ಮಾರ್ಖ್, ಐನ್‌ಸೀಡೆಲ್ನ್, ಕ್ಯೂಸ್‌ನಾಖ್ಟ್ ಮೊದಲಾದ ಪ್ರದೇಶಗಳನ್ನು ತಮ್ಮ ಅಧೀನದಲ್ಲಿ ಇಟ್ಟುಕೊಂಡಿದ್ದರು. ಆಲ್ಪ್ಸ್ ಪರ್ವತದ ಆಚೆಗಿನ ಬೆಲಿಂಜೋನಾ ಪಟ್ಟಣವನ್ನು ಊರಿ ಮತ್ತು ನಿಡ್‌ವಾಲ್ಡೆನ್ ಎಂಬ ನೆರೆನಾಡುಗಳ ಜೊತೆ ಸೇರಿ 1798ರವರೆಗೆ ಆಳಿದರು. ಈಗ ಮೊಂಟೆಬೆಲ್ಲೊ ಎಂದು ಕರೆಯುವ ಅಲ್ಲಿಯ ಕೋಟೆಗೆ ಆ ಕಾಲದಲ್ಲಿ ಶ್ವೀಟ್ಸಿನ ಹೆಸರೇ ಇತ್ತು. ರಾಟ್‌ಹೌಸಿನ ಮುಂದೆ ನಿಂತು ಸ್ವಾತಂತ್ರ್ಯದ ಕಥೆ ಹೇಳುವವರು ಈ ಭಾಗವನ್ನೂ ಬಿಡದೆ ಹೇಳಬೇಕು.

ಈಗಿನ ಕಟ್ಟಡ ಯಾವ ಕಾಲದ್ದು?

1642ರಿಂದ 1645ರ ನಡುವೆ ಕಟ್ಟಿದ್ದು. ಅದಕ್ಕೆ ಕಾರಣವಾದದ್ದು ಒಂದು ಭೀಕರ ಅಗ್ನಿ ಅನಾಹುತ. 1642ರ ಏಪ್ರಿಲ್ 20ರಂದು, ಈಸ್ಟರ್ ಭಾನುವಾರದ ದಿನ, ಊರಿಗೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಹಿಂದಿನ ರಾಟ್‌ಹೌಸ್ ಮತ್ತು ಊರಿನ ಚರ್ಚು ಎರಡೂ ಅದರಲ್ಲಿ ಸೇರಿದ್ದವು. ಮರದ ಗೋಡೆ, ಮರದ ಸೂರು, ಒತ್ತೊತ್ತಾಗಿ ನಿಂತ ಮನೆಗಳು, ಮೇಲೆ ಬೆಟ್ಟದಿಂದ ಬೀಸಿಬರುವ ಗಾಳಿ: ಆಲ್ಪ್ಸ್ ಕಣಿವೆಗಳ ಅನೇಕ ಹಳ್ಳಿಗಳು ಹೀಗೆಯೇ ಬೂದಿಯಾಗಿ ಮತ್ತೆ ಎದ್ದಿವೆ.

ಊರಿನ ಜನ ಚೌಕವನ್ನೇ ಹೊಸದಾಗಿ ರೂಪಿಸಿ, ರಾಟ್‌ಹೌಸನ್ನು ಕಲ್ಲಿನ ಗೋಡೆಗಳ ಕಟ್ಟಡವಾಗಿ ಎಬ್ಬಿಸಿದರು. ಇಂದು ನಾವು ನೋಡುವ ಸಂತ ಮಾರ್ಟಿನನ ಚರ್ಚು ಇನ್ನೂ ಈಚಿನದು, 1769 ಮತ್ತು 1774ರ ನಡುವೆ ಬರೋಕ್ ಶೈಲಿಯಲ್ಲಿ ಕಟ್ಟಿದ್ದು. ಹಾಗೆಂದು ಊರಿನಲ್ಲಿ ಹಳೆಯದೇನೂ ಉಳಿಯಲಿಲ್ಲವೆಂದಲ್ಲ. 1287ರಲ್ಲಿ ಕಟ್ಟಿದ ಬೆತ್ಲೆಹೆಮ್ ಮನೆ ಎಂಬ ಮರದ ಮನೆ ಬೆಂಕಿಯಿಂದ ಪಾರಾಗಿ ಇಂದಿಗೂ ನಿಂತಿದೆ. ಏಳು ನೂರು ವರ್ಷಗಳಿಗೂ ಹಿಂದಿನ ತೊಲೆಗಳನ್ನು ಅಲ್ಲಿ ಕೈಯಿಂದ ಮುಟ್ಟುವಷ್ಟು ಹತ್ತಿರದಿಂದ ನೋಡುವುದು ಒಂದು ಅಪೂರ್ವ ಭಾಗ್ಯ.

ಹಳ್ಳಿಯ ಬಳಿ ಅಷ್ಟೊಂದು ಹಣ ಎಲ್ಲಿಂದ ಬಂದಿತ್ತು?

ಹಾಲು, ಬೆಣ್ಣೆ, ಗಿಣ್ಣು ಮತ್ತು ಗೊಟ್ಟ್‌ಹಾರ್ಡ್ ಕಣಿವೆದಾರಿಯಾಗಿ ಇಟಲಿಯ ಸಂತೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದ ದನಗಳ ವ್ಯಾಪಾರ ಒಂದು ಮೂಲ. ಆದರೆ ದೊಡ್ಡ ಸಂಪತ್ತು ಬಂದದ್ದು ಪರದೇಶದ ದೊರೆಗಳ ಕೂಲಿ ಸೈನ್ಯಗಳಿಂದ. ರೇಡಿಂಗ್, ಆಬ್ ಈಬೆರ್ಗ್ ಮುಂತಾದ ಮನೆತನಗಳ ಹಿರಿಯರು ಫ್ರಾನ್ಸ್, ಸ್ಪೇನ್ ಮೊದಲಾದ ದೇಶಗಳಿಗೆ ಪಡೆಗಳನ್ನು ಒದಗಿಸಿ, ತಾವೇ ದಳಪತಿಗಳಾಗಿ ದುಡಿದು, ಹಣದೊಂದಿಗೆ ಹಿಂದಿರುಗಿದರು. ಅವರು ಕಟ್ಟಿಸಿದ ದೊಡ್ಡ ಬಂಗಲೆಗಳು ಊರಿನ ಸುತ್ತ ಇನ್ನೂ ಇವೆ. 1609ರ ಈಟಾಲ್ ರೇಡಿಂಗ್ ಬಂಗಲೆ ಅವುಗಳಲ್ಲಿ ಪ್ರಸಿದ್ಧ. ಬಯಲಿನಲ್ಲಿ ಎಲ್ಲರ ಕೈಗಳೂ ಸಮಾನವೆಂದು ಎಣಿಕೆಯಾಗುತ್ತಿದ್ದರೂ, ಲಾಂಡಮ್ಮನ್ನನ ಪೀಠ ಮತ್ತೆ ಮತ್ತೆ ಇಂತಹ ಕೆಲವೇ ಮನೆತನಗಳಿಗೆ ಒಲಿಯುತ್ತಿತ್ತು. ಆ ಹಣದ ಹಿಂದೆ, ಪರದೇಶದ ರಣರಂಗಗಳಲ್ಲಿ ಸತ್ತು ಮನೆಗೆ ಮರಳದ ಬಡ ಕಣಿವೆಯ ಹುಡುಗರೂ ಇದ್ದರು ಎಂಬುದನ್ನು ನೆನೆಯದೆ ಆ ಬಂಗಲೆಗಳನ್ನು ನೋಡಲು ನನಗೆ ಮನಸ್ಸಾಗುವುದಿಲ್ಲ.

ಒಳಗೆ ಏನಿದೆ?

ದೊಡ್ಡ ಸಭಾಂಗಣ ಮತ್ತು ಚಿಕ್ಕ ಸಭಾಂಗಣ ಎಂಬ ಎರಡು ಮುಖ್ಯ ಕೋಣೆಗಳು. ದೊಡ್ಡದರಲ್ಲಿ ಹಿಂದಿನ ಲಾಂಡಮ್ಮನ್ನರ ಭಾವಚಿತ್ರಗಳ ಸಾಲು ಇದೆ. ಚಿಕ್ಕದು ಮರದ ಕೆಲಸಕ್ಕೆ ಹೆಸರಾದದ್ದು. ಗೋಡೆಗೂ ಚಾವಣಿಗೂ ಕೆತ್ತನೆಯ ಹಲಗೆಗಳ ಹೊದಿಕೆ. ಮರದ ಹೊದಿಕೆ ಅಲಂಕಾರಕ್ಕೆ ಮಾತ್ರವಲ್ಲ, ದೀರ್ಘವಾದ ಚಳಿಗಾಲದಲ್ಲಿ ಕೋಣೆಯ ಶಾಖವನ್ನು ಹಿಡಿದಿಡಲು ಈ ಭಾಗದ ಜನ ಅನುಸರಿಸುತ್ತಿದ್ದ ಉಪಾಯವೂ ಹೌದು.

ಹೊರಗೋಡೆಯ ಚಿತ್ರಗಳು ಕಟ್ಟಡದಷ್ಟೇ ಹಳೆಯವೇ?

ಅಲ್ಲ, ಅವು 1891ರವು. ನೋಡುವವರಲ್ಲಿ ಬಹುಮಂದಿ ಅವು ಮಧ್ಯಯುಗದಿಂದ ಉಳಿದುಬಂದವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅವನ್ನು ಬಿಡಿಸಿದವನು ಮ್ಯೂನಿಕ್‌ನ ಚಿತ್ರಕಾರ ಫರ್ಡಿನಾಂಡ್ ವಾಗ್ನರ್. ಸ್ವಿಸ್ ಇತಿಹಾಸದ ಪ್ರಸಂಗಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಸೆಳೆಯುವುದು ಮೋರ್‌ಗಾರ್ಟೆನ್ ಕಾಳಗದ ದೃಶ್ಯ.

1891 ಯಾಕೆ ಎಂಬುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಶ್ವೀಟ್ಸ್, ಊರಿ ಮತ್ತು ಉಂಟರ್‌ವಾಲ್ಡೆನ್ ಎಂಬ ಮೂರು ಕಣಿವೆಗಳ ಜನ 1291ರ ಆಗಸ್ಟ್ ತಿಂಗಳ ಆರಂಭದಲ್ಲಿ ಪರಸ್ಪರ ನೆರವಾಗುವ ಕರಾರು ಪತ್ರವೊಂದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಸಿದ್ದರು. ಒಟ್ಟು 17 ಸಾಲುಗಳ ಆ ಪತ್ರದಲ್ಲಿ ಹೊರಗಿನಿಂದ ಬಂದ ಅಥವಾ ಹಣ ಕೊಟ್ಟು ಪದವಿ ಕೊಂಡ ನ್ಯಾಯಾಧೀಶನನ್ನು ನಾವು ಒಪ್ಪುವುದಿಲ್ಲ ಎಂಬ ಮಾತಿದೆ. ಆದರೆ ಶತಮಾನಗಳ ಕಾಲ ಜನ ಈ ಪತ್ರವನ್ನು ಮರೆತೇಬಿಟ್ಟಿದ್ದರು. ಒಕ್ಕೂಟ ಹುಟ್ಟಿದ್ದು 1307ರಲ್ಲಿ, ಸರೋವರದ ದಡದ ರ್‍ಯೂಟ್ಲಿ ಹುಲ್ಲುಗಾವಲಿನಲ್ಲಿ ಮಾಡಿದ ಪ್ರತಿಜ್ಞೆಯಿಂದ ಎಂಬುದೇ 16ನೇ ಶತಮಾನದ ಚರಿತ್ರಕಾರ ಎಗಿಡಿಯುಸ್ ಚೂಡಿಯ ಕಾಲದಿಂದ ಪ್ರಚಲಿತವಾಗಿದ್ದ ನಂಬಿಕೆ. 18ನೇ ಶತಮಾನದಲ್ಲಿ ಪತ್ರ ಬೆಳಕಿಗೆ ಬಂದು, 1760ರಲ್ಲಿ ಅಚ್ಚಾಯಿತು. 1889ರಲ್ಲಿ ಕೇಂದ್ರ ಸರ್ಕಾರ ಆ ಪತ್ರದ ಆರು ನೂರನೆಯ ವರ್ಷವನ್ನು ರಾಷ್ಟ್ರೀಯ ಹಬ್ಬವಾಗಿ ಆಚರಿಸಲು ತೀರ್ಮಾನಿಸಿತು. ಆ ಹಬ್ಬ 1891ರ ಆಗಸ್ಟ್ 1 ಮತ್ತು 2ರಂದು ನಡೆದದ್ದು ಶ್ವೀಟ್ಸಿನಲ್ಲಿಯೇ. ರಾಟ್‌ಹೌಸಿನ ಗೋಡೆಗಳು ಬಣ್ಣ ತೊಟ್ಟದ್ದು ಆ ಸಂಭ್ರಮದ ಹೊತ್ತಿನಲ್ಲಿ.

ಇದರ ಹಿಂದೆ ರಾಜಕೀಯದ ಗಾಯವೊಂದನ್ನು ಮಾಯಿಸುವ ಆಶಯವೂ ಇತ್ತು. 1847ರ ಅಂತರ್ಯುದ್ಧದಲ್ಲಿ ಶ್ವೀಟ್ಸ್ ಸೇರಿದಂತೆ ಏಳು ಕ್ಯಾಥೋಲಿಕ್ ಕ್ಯಾಂಟನ್ನುಗಳು ಸೋತಿದ್ದವು, ಮರುವರ್ಷ ರೂಪುಗೊಂಡ ಹೊಸ ದೇಶದಲ್ಲಿ ಅವರಿಗೆ ತಾವು ಪರಕೀಯರೆಂಬ ಭಾವನೆ ಇತ್ತು. ದೇಶದ ಮೂಲ ಇರುವುದು ನಿಮ್ಮ ಕಣಿವೆಗಳಲ್ಲೇ ಎಂದು ಗೆದ್ದವರು ಸೋತವರಿಗೆ ಬಹಿರಂಗವಾಗಿ ಹೇಳಿದ್ದು 1891ರ ಹಬ್ಬ. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯಾಥೋಲಿಕ್ ಕನ್ಸರ್ವೇಟಿವ್ ಪಕ್ಷದ ಯೋಸೆಫ್ ಜೆಂಪ್ ಏಳು ಜನರ ಕೇಂದ್ರ ಸಚಿವ ಸಂಪುಟಕ್ಕೆ ಆಯ್ಕೆಯಾದನು. ಆ ಪಕ್ಷಕ್ಕೆ ಅಂತಹ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಆದ್ದರಿಂದ ಆ ಗೋಡೆಯನ್ನು ನೋಡುವಾಗ 14ನೇ ಶತಮಾನಕ್ಕಿಂತ ಹೆಚ್ಚಾಗಿ 19ನೇ ಶತಮಾನದ ಮನಸ್ಸನ್ನು ಓದುತ್ತಿದ್ದೇವೆ ಎಂಬ ಎಚ್ಚರ ಇರಬೇಕು. ಇದು ಚಿತ್ರದ ಬೆಲೆಯನ್ನು ಕಡಿಮೆ ಮಾಡುವುದಿಲ್ಲ, ಒಂದು ದೇಶ ತನ್ನನ್ನು ತಾನು ಒಂದುಗೂಡಿಸಿಕೊಂಡ ರೀತಿಗೆ ಅದೇ ಸಾಕ್ಷಿ.

ಮೋರ್‌ಗಾರ್ಟೆನ್ ಕಾಳಗದಲ್ಲಿ ನಿಜವಾಗಿ ನಡೆದದ್ದು ಏನು?

ಮೇಲೆ ಹೇಳಿದ ಗಡಿವ್ಯಾಜ್ಯದ ಉರಿಯಲ್ಲಿ ಶ್ವೀಟ್ಸಿನವರು 1314ರ ಜನವರಿಯ ಒಂದು ರಾತ್ರಿ ಐನ್‌ಸೀಡೆಲ್ನ್ ಮಠದ ಮೇಲೆ ದಾಳಿ ಮಾಡಿದರು. ಮಠದ ರಕ್ಷಣೆಯ ಹೊಣೆ ಹ್ಯಾಬ್ಸ್‌ಬರ್ಗ್ ವಂಶದವರದಾಗಿತ್ತು. 1315ರ ನವೆಂಬರ್ 15ರಂದು ಅದೇ ವಂಶದ ಆಸ್ಟ್ರಿಯದ ಡ್ಯೂಕ್ ಲಿಯೋಪೋಲ್ಡ್ ಸೈನ್ಯದೊಂದಿಗೆ ಬಂದಾಗ, ಎಗೆರಿ ಸರೋವರ ಮತ್ತು ಬೆಟ್ಟದ ಇಳಿಜಾರಿನ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಅವನ ಕುದುರೆಸವಾರರನ್ನು ಶ್ವೀಟ್ಸಿನವರು ಮೇಲಿನಿಂದ ಎರಗಿ ಸೋಲಿಸಿದರು. ಅದೇ ಡಿಸೆಂಬರ್ 9ರಂದು ಮೂರು ಕಣಿವೆಗಳವರು ಬ್ರುನೆನ್ ಎಂಬಲ್ಲಿ ತಮ್ಮ ಒಪ್ಪಂದವನ್ನು ನವೀಕರಿಸಿದರು, ಈ ಬಾರಿ ಜರ್ಮನ್ ಭಾಷೆಯಲ್ಲಿ. ಕಾಳಗದ ವಿವರಗಳಲ್ಲಿ ಬಹುಪಾಲು ನಂತರದ ಚರಿತ್ರಕಾರರ ಬರಹಗಳಿಂದ ಬಂದವು, ಚಿತ್ರಕಾರ ಅವುಗಳ ಮೇಲೆ ತನ್ನ ಕಾಲದ ವೀರರಸವನ್ನು ಬೆರೆಸಿದ್ದಾನೆ.

1291ರ ಕರಾರು ಪತ್ರ ಈ ರಾಟ್‌ಹೌಸಿನಲ್ಲಿದೆಯೇ?

ಇಲ್ಲ. ನಾಡಿನ ದಸ್ತಾವೇಜುಗಳನ್ನು ಹಿಂದೆ ಊರಿನ ಹಳೆಯ ಕಲ್ಲಿನ ಗೋಪುರದಲ್ಲಿ ಇಡುತ್ತಿದ್ದರು. 1936ರಲ್ಲಿ ಅವುಗಳಿಗೆಂದೇ ಪ್ರತ್ಯೇಕ ಕಟ್ಟಡ ತೆರೆಯಿತು, ಅದೇ ಇಂದಿನ ಬುಂಡೆಸ್‌ಬ್ರೀಫ್, ಎಂದರೆ ಒಕ್ಕೂಟದ ಪತ್ರ, ವಸ್ತುಸಂಗ್ರಹಾಲಯ. ಪತ್ರ ಅಲ್ಲಿದೆ. 1991ರಲ್ಲಿ ಚರ್ಮದ ಹಾಳೆಯನ್ನು ಕಾರ್ಬನ್ ಪರೀಕ್ಷೆಗೆ ಒಳಪಡಿಸಿದಾಗ ಅದು 1252 ಮತ್ತು 1312ರ ನಡುವಿನದು ಎಂಬುದಕ್ಕೆ ಶೇಕಡಾ 85ರಷ್ಟು ಸಂಭವವಿದೆ ಎಂದು ತಿಳಿದುಬಂದಿತು. ಪತ್ರಕ್ಕೆ ಮೂರು ಕಣಿವೆಗಳ ಮುದ್ರೆಗಳಿದ್ದವು. ಇಂದು ಊರಿ ಮತ್ತು ಉಂಟರ್‌ವಾಲ್ಡೆನ್‌ಗಳ ಮುದ್ರೆಗಳು ಮಾತ್ರ ತೂಗುತ್ತಿವೆ. ಕಳೆದುಹೋಗಿರುವುದು ಪತ್ರವನ್ನು ಕಾಪಾಡಿಕೊಂಡು ಬಂದ ಶ್ವೀಟ್ಸಿನ ಮುದ್ರೆಯೇ.

ಫ್ರೆಂಚರ ಆಕ್ರಮಣದ ಕಾಲದಲ್ಲಿ ಇಲ್ಲಿನ ಆಡಳಿತ ಏನಾಯಿತು?

1798ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಬಲದಿಂದ ಹೆಲ್ವೆಟಿಕ್ ಗಣರಾಜ್ಯ ಘೋಷಣೆಯಾಗಿ, ಹಳೆಯ ಮಂಡಲಿಗಳೂ ಬಯಲು ಸಭೆಗಳೂ ರದ್ದಾದವು. ಮೇ 2ರಂದು ಅಲೋಯಿಸ್ ರೇಡಿಂಗನ ನಾಯಕತ್ವದಲ್ಲಿ ಶ್ವೀಟ್ಸಿನವರು ರೋಟೆನ್‌ತುರ್ಮ್ ಬಳಿ ಫ್ರೆಂಚರನ್ನು ಹಿಮ್ಮೆಟ್ಟಿಸಿದರೂ, ಕೆಲವೇ ದಿನಗಳಲ್ಲಿ ಶರಣಾಗಬೇಕಾಯಿತು. ಶ್ವೀಟ್ಸ್ ಪ್ರತ್ಯೇಕ ನಾಡಾಗಿ ಉಳಿಯದೆ ವಾಲ್ಡ್‌ಸ್ಟೆಟೆನ್ ಎಂಬ ಹೊಸ ಕ್ಯಾಂಟನ್ನಿನಲ್ಲಿ ಸೇರಿಹೋಯಿತು. ಮರುವರ್ಷ ರಷ್ಯದ ಸೇನಾನಿ ಸುವೊರೊವ್ ಹಸಿದ ಸೈನ್ಯದೊಂದಿಗೆ ಕಿಂಟ್ಸಿಗ್ ಕಣಿವೆದಾರಿ ದಾಟಿ ಪಕ್ಕದ ಮುವೊಟಾಟಾಲಿಗೆ ಇಳಿದಾಗ, ಎರಡು ಪರದೇಶಿ ಸೈನ್ಯಗಳು ಆ ಬಡ ಕಣಿವೆಯಲ್ಲಿ ಕಾದಾಡಿದವು. 1803ರಲ್ಲಿ ನೆಪೋಲಿಯನ್ ಹೊಸ ವ್ಯವಸ್ಥೆ ಮಾಡಿದಾಗ ಕ್ಯಾಂಟನ್ ಮತ್ತು ಅದರ ಬಯಲು ಸಭೆ ಮರಳಿ ಬಂದವು.

ಬಯಲು ಸಭೆ ನಿಂತುಹೋದದ್ದು ಯಾವಾಗ, ಏಕೆ?

1848ರ ಕ್ಯಾಂಟನ್ ಸಂವಿಧಾನದೊಂದಿಗೆ. ಅದಕ್ಕೆ ಹತ್ತು ವರ್ಷ ಮೊದಲು ನಡೆದ ಒಂದು ಜಗಳವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಗೋಮಾಳದ ಪ್ರಶ್ನೆ ನಾಡಿನ ರಾಜಕೀಯವನ್ನು ಎಷ್ಟು ಆಳವಾಗಿ ಹಿಡಿದಿತ್ತು ಎಂಬುದನ್ನು ಅದು ತೋರಿಸುತ್ತದೆ. ದೊಡ್ಡ ರೈತರು ಹಸು, ಎತ್ತುಗಳನ್ನು ಸಾರ್ವಜನಿಕ ಹುಲ್ಲುಗಾವಲಿಗೆ ಬಿಟ್ಟು ಹೆಚ್ಚಿನ ಲಾಭ ಪಡೆಯುತ್ತಿದ್ದರು. ಆಡು, ಕುರಿ ಮಾತ್ರ ಇದ್ದ ಬಡವರು ಅದರಲ್ಲಿ ನ್ಯಾಯವಾದ ಪಾಲು ಕೇಳಿದರು. ಮೊದಲಿನವರಿಗೆ 'ಕೊಂಬಿನವರು', ಎರಡನೆಯವರಿಗೆ 'ಗೊರಸಿನವರು' ಎಂದು ಹೆಸರಾಯಿತು. 1838ರ ಮೇ 6ರಂದು ರೋಟೆನ್‌ತುರ್ಮ್‌ನಲ್ಲಿ ಸೇರಿದ ಬಯಲು ಸಭೆಯಲ್ಲಿ ಕೈಗಳ ಎಣಿಕೆಯ ವಿಷಯವಾಗಿ ವಿವಾದ ಎದ್ದು, ಸಭೆ ಬಡಿದಾಟದಲ್ಲಿ ಮುಗಿಯಿತು. ಒಕ್ಕೂಟ ಮಧ್ಯೆ ಬಂದ ಬಳಿಕ ಮತ್ತೆ ಸೇರಿದ ಸಭೆಯಲ್ಲಿ ಕೊಂಬಿನವರು ಗೆದ್ದರು.

ಎತ್ತಿದ ಕೈ ಎಲ್ಲರಿಗೂ ಕಾಣುತ್ತದೆ, ಸಾಲ ಕೊಟ್ಟವನಿಗೂ ಕಾಣುತ್ತದೆ. 1848ರ ಬಳಿಕ ಜನಪ್ರತಿನಿಧಿಗಳ ಸಭೆಗೆ ಶಾಸನದ ಕೆಲಸ ಬಂದಿತು ಮತ್ತು ಆ ಸಭೆ ರಾಟ್‌ಹೌಸಿಗೇ ಬಂದಿತು. ಗೋಮಾಳಗಳು ಮಾತ್ರ ಸರ್ಕಾರದ ಕೈಗೆ ಹೋಗದೆ, ಹಳೆಯ ಹಕ್ಕುದಾರ ಕುಟುಂಬಗಳ ಸಂಘಗಳ ಒಡೆತನದಲ್ಲಿ ಉಳಿದವು. ಓಬರ್‌ಅಲ್‌ಮೈಂಡ್ ಎಂಬ ಸಂಘ ಇಂದಿಗೂ ವಿಶಾಲವಾದ ಹುಲ್ಲುಗಾವಲು ಮತ್ತು ಕಾಡುಗಳನ್ನು ನೋಡಿಕೊಳ್ಳುತ್ತಿದೆ.

ಹೆಂಗಸರು ಈ ಸಭಾಂಗಣದೊಳಗೆ ಸದಸ್ಯರಾಗಿ ಬಂದದ್ದು ಯಾವಾಗ?

ಬಹಳ ತಡವಾಗಿ. ಸ್ವಿಟ್ಜರ್‌ಲೆಂಡಿನ ಗಂಡಸರು ಹೆಂಗಸರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಕೊಡಲು ಒಪ್ಪಿದ್ದು 1971ರ ಫೆಬ್ರುವರಿ 7ರಂದು. ಶ್ವೀಟ್ಸ್ ಕ್ಯಾಂಟನ್ ತನ್ನ ವ್ಯವಹಾರಗಳಲ್ಲಿ ಅದನ್ನು ಕೊಟ್ಟದ್ದು 1972ರಲ್ಲಿ. ಭಾರತದ ಹೆಂಗಸರು 1951–52ರ ಮೊದಲ ಮಹಾಚುನಾವಣೆಯಲ್ಲಿಯೇ ಗಂಡಸರೊಡನೆ ಸಾಲಾಗಿ ನಿಂತು ಮತ ಹಾಕಿದ್ದನ್ನು ಬಲ್ಲ ನಮಗೆ ಇದು ನಂಬಲು ಕಷ್ಟವಾಗುವ ಸಂಗತಿ. ಆದರೆ ಅದೇ ಶ್ವೀಟ್ಸಿನ ವಕೀಲೆ ಎಲಿಜಬೆತ್ ಬ್ಲುನ್‌ಶಿ 1971ರಲ್ಲಿ ರಾಷ್ಟ್ರೀಯ ಸಂಸತ್ತಿಗೆ ಆಯ್ಕೆಯಾಗಿ, 1977ರಲ್ಲಿ ಅದರ ಕೆಳಮನೆಯ ಅಧ್ಯಕ್ಷ ಪೀಠವನ್ನು ಏರಿದ ಮೊದಲ ಮಹಿಳೆಯಾದರು. ರಾಟ್‌ಹೌಸಿನ ಭಾವಚಿತ್ರಗಳ ಗಂಡಸರ ಸಾಲನ್ನು ನೋಡಿ ಹೊರಬರುವವರು ಅವರ ಹೆಸರನ್ನು ನೆನಪಿಡಬೇಕೆಂದು ನನ್ನ ಕೋರಿಕೆ.

ಕಟ್ಟಡ ಈಗಲೂ ಬಳಕೆಯಲ್ಲಿದೆಯೇ? ನೋಡಬಹುದೇ?

ಬಳಕೆಯಲ್ಲಿದೆ. 100 ಸದಸ್ಯರ ಕ್ಯಾಂಟನ್ ಶಾಸನಸಭೆ ಸೇರುವುದು ಇಲ್ಲಿಯೇ. ಹಾಗಾಗಿ ಒಳಗಿನ ಕೋಣೆಗಳನ್ನು ನೋಡಬಯಸುವವರು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಹೊರಗಿನ ಚಿತ್ರಗಳನ್ನು ಚೌಕದಲ್ಲಿ ನಿಂತು ಯಾವ ಹೊತ್ತಿನಲ್ಲಾದರೂ ನೋಡಬಹುದು.

ಒಂದೇ ದಿನದ ಸಮಯವಿದ್ದರೆ ಇದರೊಂದಿಗೆ ಇನ್ನೇನು ನೋಡಬೇಕು?

ರೈಲು ನಿಲ್ದಾಣ ಊರಿನೊಳಗಿಲ್ಲ, ಸುಮಾರು ಎರಡು ಕಿಲೋಮೀಟರ್ ದೂರದ ಸೇವೆನ್‌ನಲ್ಲಿದೆ. ಅಲ್ಲಿಂದ ಬಸ್ಸಿನಲ್ಲಿ ಚೌಕಕ್ಕೆ ಬರಬೇಕು. ಮೊದಲು ಬುಂಡೆಸ್‌ಬ್ರೀಫ್ ವಸ್ತುಸಂಗ್ರಹಾಲಯದಲ್ಲಿ ಪತ್ರವನ್ನೂ ಹಳೆಯ ಬಾವುಟಗಳನ್ನೂ ನೋಡಿ, ಬಳಿಕ ರಾಟ್‌ಹೌಸಿನ ಗೋಡೆಯ ಮುಂದೆ ನಿಂತರೆ ಪತ್ರಕ್ಕೂ ಚಿತ್ರಕ್ಕೂ ನಡುವಿನ ಆರು ನೂರು ವರ್ಷಗಳ ಅಂತರ ಕಣ್ಣಿಗೆ ಕಟ್ಟುತ್ತದೆ. 1711ರ ಹಳೆಯ ಕಣಜದಲ್ಲಿ 1995ರಿಂದ ಸ್ವಿಸ್ ಇತಿಹಾಸದ ಮತ್ತೊಂದು ವಸ್ತುಸಂಗ್ರಹಾಲಯವಿದೆ, ಸಮಯವಿದ್ದರೆ ಅದನ್ನೂ ನೋಡಬಹುದು. ಕೊನೆಗೆ ಈಬಾಖಿಗೆ ಇಳಿಯಿರಿ, ನಡೆದೇ ಹೋಗಬಹುದಾದಷ್ಟು ದೂರ. ಪ್ರವಾಸಿಗರು ಅಲ್ಲಿಗೆ ಹೋಗುವುದು ಹೆಚ್ಚಾಗಿ ವಿಕ್ಟೋರಿನಾಕ್ಸ್ ಚಾಕುಗಳ ಕಾರ್ಖಾನೆಯ ಹೆಸರು ಕೇಳಿ. ನೀವು ಹೋಗುವಾಗ, ಲಾಂಡಮ್ಮನ್ನನನ್ನು ಕೈ ಎತ್ತಿ ಆರಿಸುತ್ತಿದ್ದ ಜನ ವೃತ್ತವಾಗಿ ನಿಲ್ಲುತ್ತಿದ್ದ ಜಾಗ ಯಾವುದೆಂದು ಅಲ್ಲಿಯವರನ್ನು ಕೇಳಿ ನೋಡಿ.